ಮೊದಲ ಫ್ರಾಸ್ಟ್ ಮತ್ತು ನಾರ್‌ಈಸ್ಟರ್ ಒಂದೇ ವಾರದಲ್ಲಿ: ಇವೆರಡಕ್ಕೂ ಸಂಬಂಧವಿದೆಯೇ?

ಪ್ರಶ್ನೆ – ನ್ಯಾಶುವಾ, ನ್ಯೂ ಹ್ಯಾಂಪ್‌ಶೈರ್

ಎಲ್ಲರಿಗೂ ನಮಸ್ಕಾರ. ನ್ಯೂ ಇಂಗ್ಲೆಂಡಿನ ಹವೆಯನ್ನು ಬಹುಕಾಲದಿಂದ ಗಮನಿಸುತ್ತ ಬಂದಿರುವ ಕನ್ನಡಿಗರು ಇಲ್ಲಿ ಹಲವರಿದ್ದಾರೆ ಎಂಬ ಭರವಸೆಯಿಂದ ಈ ಪ್ರಶ್ನೆ ಕೇಳುತ್ತಿದ್ದೇನೆ. ಅಕ್ಟೋಬರ್ ತಿಂಗಳ ಈ ವಾರ ನಮ್ಮ ಕೌಂಟಿಗೆ ಇಂದು ರಾತ್ರಿ, ಅಂದರೆ ಬುಧವಾರ ರಾತ್ರಿ, ಫ್ರಾಸ್ಟ್ ಅಡ್ವೈಸರಿ (ನೆಲದ ಮೇಲೆ ತೆಳುವಾದ ಮಂಜುಗಡ್ಡೆಯ ಪದರ ಕಟ್ಟಬಹುದೆಂಬ ಎಚ್ಚರಿಕೆ) ಹೊರಡಿಸಲಾಗಿದೆ; ನಾಳೆ ರಾತ್ರಿಯೂ ಫ್ರಾಸ್ಟ್ ಬೀಳಬಹುದು ಎಂದು ಹೇಳಿದ್ದಾರೆ. ಹವಾಮಾನ ಮುನ್ಸೂಚನೆಯ ಅದೇ ಪುಟದ ಕೆಳಭಾಗದಲ್ಲಿ, ಶುಕ್ರವಾರ ರಾತ್ರಿಯಿಂದ ಭಾನುವಾರದವರೆಗೆ ಕರಾವಳಿಯ ಗುಂಟ ನಾರ್‌ಈಸ್ಟರ್ ಎಂಬ ಬಿರುಗಾಳಿಯೊಂದು ಉತ್ತರಕ್ಕೆ ಏರಿ ಬರುವ ಸಾಧ್ಯತೆಯಿದೆ ಎಂದೂ ಬರೆದಿದ್ದಾರೆ. ಆಕಾಶ ಕನ್ನಡಿಯಂತೆ ಸ್ವಚ್ಛವಾಗಿದ್ದು ಎಲೆಯೂ ಅಲುಗದ ಎರಡು ರಾತ್ರಿಗಳ ಬೆನ್ನಿಗೇ ಬಿರುಗಾಳಿ ಹೇಗೆ ಬರುತ್ತದೆ? ಇವೆರಡೂ ಒಂದೇ ವ್ಯವಸ್ಥೆಯ ಭಾಗಗಳೇ, ಅಥವಾ ಕಾಕತಾಳೀಯವೇ?

ಇನ್ನೊಂದು ಗೊಂದಲವೂ ಇದೆ. ನನ್ನ ಮೊಬೈಲ್‌ನಲ್ಲಿರುವ ಹವಾಮಾನ ಆ್ಯಪ್ ನಿನ್ನೆ ಶನಿವಾರಕ್ಕೆ ಎರಡು ಇಂಚು ಮಳೆ ತೋರಿಸುತ್ತಿತ್ತು, ಇಂದು ಬೆಳಿಗ್ಗೆ ಕಾಲು ಇಂಚಿಗೆ ಇಳಿದಿದೆ. ಯಾವುದನ್ನು ನಂಬಬೇಕು?

ಹಿತ್ತಲಲ್ಲಿ ಬದನೆ, ಹಸಿಮೆಣಸಿನ ಗಿಡಗಳು ಇನ್ನೂ ಕಾಯಿ ಬಿಡುತ್ತಿವೆ, ಹೀರೆಬಳ್ಳಿ ಚಪ್ಪರದ ಮೇಲಿದೆ, ಕರಿಬೇವಿನ ಕುಂಡ ಡೆಕ್ ಮೇಲಿದೆ. ಹಳೆಯ ಹಾಸುಬಟ್ಟೆಗಳನ್ನು ಹೊದಿಸಬೇಕೆಂದುಕೊಂಡಿದ್ದೇನೆ. ಇದಲ್ಲದೆ ನನ್ನ ಅಕ್ಕನ ಮನೆ ಹ್ಯಾಂಪ್ಟನ್ ಬೀಚ್‌ನಲ್ಲಿ, ಕಡಲಿಗೆ ಎದುರಾಗಿ ಅಲ್ಲ, ಹಿಂದಿನ ಜೌಗಿನ ಬದಿಯಲ್ಲಿದೆ. ಅಲೆಗಳಿಂದ ದೂರವಿರುವುದರಿಂದ ಭಯವಿಲ್ಲ ಎಂದು ಆಕೆ ಹೇಳುತ್ತಾಳೆ. ಅದು ಸರಿಯೇ ಎಂಬುದನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ – ವುಸ್ಟರ್, ಮ್ಯಾಸಚೂಸೆಟ್ಸ್

ಸಂಬಂಧ ಖಂಡಿತ ಇದೆ, ಆದರೆ ಫ್ರಾಸ್ಟ್ ಬಿದ್ದರೆ ಬಿರುಗಾಳಿ ಬಂದೇ ತೀರುತ್ತದೆ ಎಂಬ ಅರ್ಥದಲ್ಲಿ ಅಲ್ಲ.

ಈಗ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮೇಲೆ ಅಧಿಕ ಒತ್ತಡದ ವಲಯವೊಂದು ನಿಂತಿದೆ. ಅದರಡಿಯಲ್ಲಿ ಗಾಳಿ ಮೇಲಿನಿಂದ ನಿಧಾನವಾಗಿ ಕೆಳಗಿಳಿಯುತ್ತದೆ; ಹಾಗೆ ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ, ಉತ್ತರದಿಂದ ಬಂದದ್ದಾದ್ದರಿಂದ ತೇವವೂ ಕಡಿಮೆ. ಮೋಡದ ಮುಸುಕಿಲ್ಲದ ರಾತ್ರಿಯಲ್ಲಿ ನೆಲವು ಹಗಲಿಡೀ ಹೀರಿಕೊಂಡ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತ ಹೋಗುತ್ತದೆ, ಗಾಳಿಯೂ ಸ್ತಬ್ಧವಾಗಿದ್ದರೆ ನೆಲಕ್ಕೆ ತಾಗಿದ ತೆಳುವಾದ ಪದರವೊಂದೇ ವಿಪರೀತ ತಣ್ಣಗಾಗುತ್ತದೆ. ಹವಾಮಾನ ಕೇಂದ್ರದ ತಾಪಮಾಪಕ ನೆಲದಿಂದ ಸುಮಾರು ಐದು ಅಡಿ ಎತ್ತರದಲ್ಲಿರುತ್ತದೆ. ಅದು 36 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿರುವಾಗಲೇ ಹುಲ್ಲಿನ ಮಟ್ಟದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇರಬಲ್ಲದು. ಆದ್ದರಿಂದಲೇ 33ರಿಂದ 36 ಡಿಗ್ರಿಯ ನಿರೀಕ್ಷೆಯಿದ್ದಾಗ ಫ್ರಾಸ್ಟ್ ಅಡ್ವೈಸರಿಯನ್ನೂ, 32 ಅಥವಾ ಅದಕ್ಕಿಂತ ಕೆಳಗಿಳಿಯುವ ನಿರೀಕ್ಷೆಯಿದ್ದಾಗ ಫ್ರೀಜ್ ವಾರ್ನಿಂಗನ್ನೂ ಹೊರಡಿಸುತ್ತಾರೆ. ತಣ್ಣನೆಯ ಗಾಳಿ ಭಾರವಾದದ್ದು, ಇಳಿಜಾರು ಹಿಡಿದು ತಗ್ಗಿಗೆ ಹರಿಯುತ್ತದೆ; ಮೆರಿಮ್ಯಾಕ್ ಕಣಿವೆಯ ತಗ್ಗಿನ ಅಂಗಳ ಬೆಳ್ಳಗಾದ ದಿನ, ಪಕ್ಕದ ದಿಬ್ಬದ ಮೇಲಿನ ಮನೆಯಲ್ಲಿ ಬರೀ ಇಬ್ಬನಿಯಷ್ಟೇ ಕಾಣುವುದುಂಟು.

ಇನ್ನು ಬಿರುಗಾಳಿಯ ವಿಷಯ. ಅಕ್ಟೋಬರ್‌ನಲ್ಲಿ ಭೂಮಿ ಬೇಗ ತಣಿಯುತ್ತದೆ, ಅಟ್ಲಾಂಟಿಕ್ ಸಾಗರ ಬೇಸಿಗೆಯ ಬಿಸಿಯನ್ನು ಇನ್ನೂ ಉಳಿಸಿಕೊಂಡಿರುತ್ತದೆ, ಕ್ಯಾರೊಲೈನಾ ತೀರದಾಚೆ ಗಲ್ಫ್ ಸ್ಟ್ರೀಮ್ ಪ್ರವಾಹವಂತೂ ವರ್ಷವಿಡೀ ಬೆಚ್ಚಗಿರುತ್ತದೆ. ಈ ಬಿಸಿ ಮತ್ತು ತಂಪಿನ ಗಡಿಯ ಮೇಲೆ, ಪಶ್ಚಿಮದಿಂದ ಬರುವ ಎತ್ತರದ ವಾಯುಮಂಡಲದ ತಗ್ಗು (ಕಡಿಮೆ ಒತ್ತಡದ ಪಟ್ಟಿ) ಹಾದುಹೋದಾಗ ವಾಯುಭಾರ ಕುಸಿತ ಉಂಟಾಗಿ, ಕರಾವಳಿಯ ಗುಂಟ ಈಶಾನ್ಯಕ್ಕೆ ಏರುತ್ತ ಬಲಗೊಳ್ಳುತ್ತದೆ. ಉತ್ತರಾರ್ಧಗೋಳದಲ್ಲಿ ಕುಸಿತದ ಸುತ್ತ ಗಾಳಿ ಅಪ್ರದಕ್ಷಿಣವಾಗಿ ಬೀಸುವುದರಿಂದ, ಅದು ನಮ್ಮ ದಕ್ಷಿಣಕ್ಕೋ ಆಗ್ನೇಯಕ್ಕೋ ಇರುವಾಗ ನಮಗೆ ಈಶಾನ್ಯದಿಂದ ಗಾಳಿ ಬರುತ್ತದೆ. ನಾರ್‌ಈಸ್ಟರ್ ಎಂಬ ಹೆಸರು ಬಂದಿರುವುದು ಆ ಗಾಳಿಯ ದಿಕ್ಕಿನಿಂದಲೇ ಹೊರತು ಬಿರುಗಾಳಿ ಸಾಗುವ ದಿಕ್ಕಿನಿಂದಲ್ಲ.

ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿ. ಇಂದು ರಾತ್ರಿ ನಿಮಗೆ ಫ್ರಾಸ್ಟ್ ಕೊಡುತ್ತಿರುವ ಕ್ವಿಬೆಕ್‌ನ ಅಧಿಕ ಒತ್ತಡ ಶುಕ್ರವಾರದ ಹೊತ್ತಿಗೆ ಹೆಚ್ಚು ದೂರ ಸರಿಯದೆ ಉತ್ತರದಲ್ಲೇ ಉಳಿದರೆ, ಕೆಳಗಿನಿಂದ ಏರಿ ಬರುವ ಕುಸಿತಕ್ಕೂ ಅದಕ್ಕೂ ನಡುವಿನ ಒತ್ತಡದ ವ್ಯತ್ಯಾಸ ಕಡಿಮೆ ಅಂತರದಲ್ಲಿ ಹೆಚ್ಚಾಗುತ್ತದೆ. ಗಾಳಿಯ ವೇಗವನ್ನು ನಿರ್ಧರಿಸುವುದು ಕುಸಿತದ ಆಳವೊಂದೇ ಅಲ್ಲ, ಈ ವ್ಯತ್ಯಾಸ. ಸಾಧಾರಣ ಕುಸಿತವೂ ಉತ್ತರದಲ್ಲಿ ಬಲವಾದ ಅಧಿಕ ಒತ್ತಡವಿದ್ದರೆ ಕಡಲ ತೀರದಲ್ಲಿ ದೀರ್ಘಕಾಲ ಜೋರು ಗಾಳಿ ಬೀಸಬಲ್ಲದು. 1991ರ ಅಕ್ಟೋಬರ್ ಕೊನೆಯಲ್ಲಿ ಗ್ರೇಸ್ ಚಂಡಮಾರುತವನ್ನು ನುಂಗಿಕೊಂಡು ಬೆಳೆದ ಬಿರುಗಾಳಿಯ ಕೇಂದ್ರ ತೀರದಿಂದ ಬಹುದೂರದ ಸಾಗರದಲ್ಲಿತ್ತು. ಆದರೂ ಪೂರ್ವ ಕೆನಡಾದ ಮೇಲೆ ಪ್ರಬಲ ಅಧಿಕ ಒತ್ತಡವಿದ್ದ ಕಾರಣ ಅಲೆಗಳು ಮ್ಯಾಸಚೂಸೆಟ್ಸ್‌ನ ತೀರದ ಮನೆಗಳನ್ನು ಕೆಡವಿಹಾಕಿದವು.

ಆ್ಯಪ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ: ಇಂತಹ ವಾರದಲ್ಲಿ ಆ ಅಂಕಿಯನ್ನು ನೋಡಲೇಬೇಡಿ. ಹವಾಮಾನದ ಕಂಪ್ಯೂಟರ್ ಮಾದರಿಗಳು ದಿನಕ್ಕೆ ಹಲವು ಬಾರಿ ಹೊಸದಾಗಿ ಲೆಕ್ಕ ಹಾಕುತ್ತವೆ, ಬಹುತೇಕ ಆ್ಯಪ್‌ಗಳು ಇತ್ತೀಚಿನ ಲೆಕ್ಕವನ್ನು ಯಾವ ವಿವರಣೆಯೂ ಇಲ್ಲದೆ ಮುಂದಿಡುತ್ತವೆ. ನ್ಯಾಂಟುಕೆಟ್ ದ್ವೀಪದ ದಕ್ಷಿಣಕ್ಕೆ 40 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 70 ಡಿಗ್ರಿ ಪಶ್ಚಿಮ ರೇಖಾಂಶ ಕೂಡುವ ಬಿಂದುವನ್ನು ಇಲ್ಲಿನ ಮುನ್ಸೂಚಕರು ಒಂದು ಗುರುತಾಗಿ ಇಟ್ಟುಕೊಂಡಿದ್ದಾರೆ. ಕುಸಿತ ಅದರ ಒಳಗಿನಿಂದ, ಅಂದರೆ ತೀರಕ್ಕೆ ಸಮೀಪದಿಂದ ಹಾದರೆ ಒಳನಾಡಿಗೂ ಭಾರಿ ಮಳೆ. ಬಹಳ ಹೊರಗಿನಿಂದ ಹಾದರೆ ಕೇಪ್ ಕಾಡ್‌ಗೆ ಗಾಳಿಮಳೆ, ನ್ಯಾಶುವಾಕ್ಕೆ ನಾಲ್ಕು ಹನಿ. ನೀವು ಕಂಡ ಎರಡು ಇಂಚು ಮತ್ತು ಕಾಲು ಇಂಚಿನ ವ್ಯತ್ಯಾಸ ಕುಸಿತದ ಹಾದಿ ನೂರು ಕಿಲೋಮೀಟರಿನಷ್ಟು ಸರಿದದ್ದರಿಂದಲೇ ಬಂದಿರಬಹುದು. ದಕ್ಷಿಣ ನ್ಯೂ ಹ್ಯಾಂಪ್‌ಶೈರ್‌ಗೆ ಮುನ್ಸೂಚನೆ ಕೊಡುವುದು ಮೇನ್ ರಾಜ್ಯದ ಗ್ರೇ ಎಂಬಲ್ಲಿರುವ ನ್ಯಾಷನಲ್ ವೆದರ್ ಸರ್ವೀಸ್ ಕಚೇರಿ. ಅವರು ದಿನಕ್ಕೆ ಹಲವು ಬಾರಿ ಪ್ರಕಟಿಸುವ ಮುನ್ಸೂಚನಾ ಚರ್ಚೆಯನ್ನು ಓದಿ. ಅದರಲ್ಲಿ ತಮಗೆ ಯಾವುದು ಖಚಿತ, ಯಾವುದು ಅನುಮಾನ ಎಂಬುದನ್ನು ಬಿಡಿಸಿ ಬರೆದಿರುತ್ತಾರೆ.

ನಾಳೆ ಸಂಜೆ ನೀವೇ ಗಮನಿಸಬಹುದಾದ ಸಂಗತಿಯೊಂದಿದೆ. ಗುರುವಾರ ರಾತ್ರಿಯ ಫ್ರಾಸ್ಟ್ ಬೀಳುವುದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಬಿರುಗಾಳಿಯೇ ತೀರ್ಮಾನಿಸುತ್ತದೆ. ಅದರ ಮುಂಚೂಣಿಯ ತೆಳುವಾದ ಎತ್ತರದ ಮೋಡಗಳು ನಡುರಾತ್ರಿಗೆ ಮೊದಲೇ ನೈರುತ್ಯದಿಂದ ಹರಡಿಕೊಂಡರೆ ನೆಲದ ಶಾಖ ತಪ್ಪಿಸಿಕೊಳ್ಳುವುದು ಕಡಿಮೆಯಾಗಿ ಹುಲ್ಲು ಒದ್ದೆಯಾಗುತ್ತದೆ, ಬಿಳಿಯಾಗುವುದಿಲ್ಲ. ಮೋಡ ತಡವಾದರೆ ಎರಡನೆಯ ರಾತ್ರಿಯ ಚಳಿ ಮೊದಲನೆಯದಕ್ಕಿಂತ ಹೆಚ್ಚಿರಲೂಬಹುದು, ಏಕೆಂದರೆ ನೆಲ ಈಗಾಗಲೇ ತಣಿದಿರುತ್ತದೆ.

ಉತ್ತರ – ಸೀಬ್ರುಕ್, ನ್ಯೂ ಹ್ಯಾಂಪ್‌ಶೈರ್

ನಿಮ್ಮ ಅಕ್ಕನವರ ಮಾತಿಗೆ ಸಂಬಂಧಿಸಿದಂತೆ ಮಾತ್ರ ಬರೆಯುತ್ತೇನೆ, ಏಕೆಂದರೆ ಆ ತಪ್ಪು ತಿಳಿವಳಿಕೆ ಈ ತೀರದಲ್ಲಿ ಅನೇಕರಲ್ಲಿದೆ. ಹ್ಯಾಂಪ್ಟನ್ ಬೀಚ್ ಎಂಬುದು ಕಡಲಿಗೂ ಉಪ್ಪುನೀರಿನ ಜೌಗಿಗೂ ನಡುವೆ ಚಾಚಿಕೊಂಡಿರುವ ಕಿರಿದಾದ ನೆಲ. ಕಡಲ ಬದಿಯಲ್ಲಿ ತಡೆಗೋಡೆಯಿದೆ, ಅಲೆ ಅಪ್ಪಳಿಸುವುದು ಕಣ್ಣಿಗೆ ಕಾಣುತ್ತದೆ, ಜನ ಎಚ್ಚರದಿಂದಿರುತ್ತಾರೆ. ಹಿಂದಿನ ಬದಿಯಲ್ಲಿ ಅಳಿವೆಯ ಮೂಲಕ ಒಳನುಗ್ಗಿದ ಉಬ್ಬರದ ನೀರು ಸದ್ದಿಲ್ಲದೆ ಜೌಗನ್ನು ತುಂಬಿ, ರಸ್ತೆಯ ಚರಂಡಿಗಳಲ್ಲಿ ಹಿಮ್ಮುಖವಾಗಿ ಉಕ್ಕಿ, ಮನೆಗಳ ಅಂಗಳಕ್ಕೆ ಬರುತ್ತದೆ. ಇಲ್ಲಿ ಮೊದಲು ನೀರು ನಿಲ್ಲುವುದು ಹೆಚ್ಚಾಗಿ ಆ ಬದಿಯ ಬೀದಿಗಳಲ್ಲಿಯೇ. ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರಕ್ಕೆ, ಬಿರುಗಾಳಿಯೇ ಇಲ್ಲದ ಬಿಸಿಲಿನ ದಿನದಲ್ಲಿಯೂ, ಅಲ್ಲಿ ನೀರು ನಿಲ್ಲುವುದನ್ನು ನೋಡಬಹುದು.

ಬಿರುಗಾಳಿ ಎಷ್ಟು ಜೋರು ಎಂಬುದಕ್ಕಿಂತ ಅದು ಉಬ್ಬರದ ಯಾವ ಹೊತ್ತಿಗೆ ಬರುತ್ತದೆ ಎಂಬುದು ನಮಗೆ ಮುಖ್ಯ. ಬಾಸ್ಟನ್ ಬಂದರಿನಲ್ಲಿ ಉಬ್ಬರ ಇಳಿತಗಳ ನಡುವಿನ ಸರಾಸರಿ ವ್ಯತ್ಯಾಸ ಸುಮಾರು ಒಂಬತ್ತೂವರೆ ಅಡಿ. ನಮ್ಮಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಗಾಳಿ ತಳ್ಳಿ ತಂದ ಮೂರು ಅಡಿ ಹೆಚ್ಚುವರಿ ನೀರು ಇಳಿತದ ಸಮಯದಲ್ಲಿ ಬಂದರೆ ಯಾರ ಗಮನಕ್ಕೂ ಬರುವುದಿಲ್ಲ, ತುಂಬು ಉಬ್ಬರಕ್ಕೆ ಸೇರಿಕೊಂಡರೆ ರಸ್ತೆಗಳು ಮುಳುಗುತ್ತವೆ. ಚಂಡಮಾರುತವೊಂದು ಕೆಲವೇ ಗಂಟೆಗಳಲ್ಲಿ ಹಾದುಹೋಗಬಹುದು. ಉತ್ತರದಲ್ಲಿ ಅಧಿಕ ಒತ್ತಡ ತಡೆದು ನಿಲ್ಲಿಸಿದ ನಾರ್‌ಈಸ್ಟರ್ ಹಾಗಲ್ಲ. ಅದು ಒಂದೂವರೆ ಎರಡು ದಿನ ಈಶಾನ್ಯದ ಗಾಳಿಯನ್ನು ಬೀಸುತ್ತಲೇ ಇದ್ದರೆ, ಹನ್ನೆರಡೂವರೆ ಗಂಟೆಗೊಮ್ಮೆ ಬರುವ ಉಬ್ಬರಗಳಲ್ಲಿ ಮೂರು ನಾಲ್ಕು ಅದರ ಕೈಗೆ ಸಿಗುತ್ತವೆ. ಒಂದು ಉಬ್ಬರಕ್ಕೆ ಜೌಗಿಗೆ ಬಂದ ನೀರು ಗಾಳಿಯ ಒತ್ತಡದಿಂದ ಪೂರ್ತಿ ಹೊರಹೋಗಲಾರದೆ ಉಳಿದು, ಅದರ ಮೇಲೆ ಮುಂದಿನದು ಬಂದು ಸೇರುತ್ತದೆ. ಮೊದಲ ಉಬ್ಬರದಲ್ಲಿ ಏನೂ ಆಗಲಿಲ್ಲವೆಂದು ಕಾರನ್ನು ಮತ್ತೆ ತಗ್ಗಿನಲ್ಲಿ ನಿಲ್ಲಿಸಿದವರು ಎರಡನೆಯದರಲ್ಲಿ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ.

ಶುಕ್ರವಾರ ಹಗಲಲ್ಲೇ ಕಾರನ್ನು ಎತ್ತರದ ಜಾಗಕ್ಕೆ ಒಯ್ಯಲು ಅಕ್ಕನವರಿಗೆ ಹೇಳಿ. ಶನಿವಾರ ಮತ್ತು ಭಾನುವಾರದ ಉಬ್ಬರದ ವೇಳೆಗಳನ್ನು ಬರೆದಿಟ್ಟುಕೊಂಡು, ಪ್ರತಿ ಉಬ್ಬರಕ್ಕೆ ಎರಡು ಗಂಟೆ ಮೊದಲಿನಿಂದ ಎರಡು ಗಂಟೆ ನಂತರದವರೆಗೆ 1ಎ ರಸ್ತೆಯಲ್ಲಿ ಓಡಾಟ ಇಟ್ಟುಕೊಳ್ಳದಿರಲಿ. ಕೋಸ್ಟಲ್ ಫ್ಲಡ್ ವಾಚ್ ಎಂದರೆ ಪರಿಸ್ಥಿತಿ ಉಂಟಾಗಬಹುದು ಎಂದರ್ಥ, ವಾರ್ನಿಂಗ್ ಎಂದರೆ ಉಂಟಾಗುವುದು ಹೆಚ್ಚುಕಡಿಮೆ ಖಚಿತ ಎಂದರ್ಥ. ವಾಚ್ ಬಂದಾಗಲೇ ತಯಾರಿ ಮುಗಿಸಿರಬೇಕು.

ಉತ್ತರ – ಪ್ಲಿಮತ್ ಕೌಂಟಿ, ಮ್ಯಾಸಚೂಸೆಟ್ಸ್

ಗಿಡಗಳ ಬಗ್ಗೆ ನಾಲ್ಕು ಮಾತು. ಕರಿಬೇವಿನ ಕುಂಡವನ್ನು ಈ ಸಂಜೆಯೇ ಒಳಗೆ ತನ್ನಿ. ಅದು ಫ್ರಾಸ್ಟ್‌ಗಾಗಿ ಕಾಯುವ ಗಿಡವಲ್ಲ, ರಾತ್ರಿಯ ತಾಪ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯತೊಡಗಿದಾಗಲೇ ಒಳಗಿರಬೇಕಿತ್ತು. ತರುವ ಮುನ್ನ ಎಲೆಗಳ ಅಡಿಭಾಗವನ್ನು ನೀರಿನಿಂದ ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಚಳಿಗಾಲವಿಡೀ ಮನೆಯೊಳಗೆ ಸಸ್ಯಹೇನು, ನುಸಿಗಳ ಕಾಟ. ಬದನೆ, ಮೆಣಸಿನ ಗಿಡಗಳಿಗೆ ಬಟ್ಟೆ ಹೊದಿಸುವುದು ಸರಿಯೇ. ಆದರೆ ಬಟ್ಟೆಯ ಅಂಚು ನೆಲದವರೆಗೆ ಇಳಿದಿರಬೇಕು, ಏಕೆಂದರೆ ಗಿಡವನ್ನು ಕಾಯುವುದು ಬಟ್ಟೆಯ ಬಿಸಿಯಲ್ಲ, ಮಣ್ಣಿನಿಂದ ಮೇಲೇಳುವ ಶಾಖ. ಗಿಡದ ತಲೆಗೆ ಮಾತ್ರ ಸುತ್ತಿ ಕಾಂಡಕ್ಕೆ ಕಟ್ಟಿದರೆ ಆ ಶಾಖ ಒಳಗೆ ಬರುವುದೇ ಇಲ್ಲ. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಿದಲ್ಲಿ ಎಲೆ ಸುಟ್ಟಂತಾಗುತ್ತದೆ, ಬಟ್ಟೆಯೇ ಉತ್ತಮ. ಮಣ್ಣು ಒಣಗಿದ್ದರೆ ಮಧ್ಯಾಹ್ನವೇ ನೀರುಣಿಸಿ, ಒದ್ದೆ ಮಣ್ಣು ಒಣಮಣ್ಣಿಗಿಂತ ಹೆಚ್ಚು ಶಾಖ ಹಿಡಿದಿಟ್ಟುಕೊಳ್ಳುತ್ತದೆ.

ನಮ್ಮ ಕಡೆ ಕ್ರ್ಯಾನ್‌ಬೆರಿ ತೋಟಗಳಿವೆ. ಅವು ತಗ್ಗಿನ ಜೌಗುನೆಲದಲ್ಲಿರುವುದರಿಂದ ಸ್ವಚ್ಛ ರಾತ್ರಿಗಳಲ್ಲಿ ಸುತ್ತಲಿನ ಊರಿಗಿಂತ ಬಹಳ ಹೆಚ್ಚು ತಣ್ಣಗಾಗುತ್ತವೆ. ಕೊಯ್ಲಾಗದ ತೋಟವಿದ್ದರೆ ಬೆಳೆಗಾರರು ರಾತ್ರಿಯಿಡೀ ಎಚ್ಚರವಿದ್ದು, ತಾಪ ಇಳಿಯುತ್ತಿದ್ದಂತೆ ತುಂತುರು ನೀರಾವರಿಯನ್ನು ಹಚ್ಚುತ್ತಾರೆ. ಬೆಳಗಿನ ಜಾವ ಹೋಗಿ ನೋಡಿದರೆ ಪ್ರತಿ ಬಳ್ಳಿಯೂ ಗಾಜಿನಂತಹ ಮಂಜುಗಡ್ಡೆಯೊಳಗಿರುತ್ತದೆ, ಕೆಂಪು ಹಣ್ಣುಗಳು ಒಳಗಿನಿಂದ ಕಾಣುತ್ತವೆ, ಸ್ಪ್ರಿಂಕ್ಲರ್‌ಗಳು ಇನ್ನೂ ಟಿಕ್ ಟಿಕ್ ಎಂದು ತಿರುಗುತ್ತಲೇ ಇರುತ್ತವೆ. ನೀರು ಹೆಪ್ಪುಗಟ್ಟುವಾಗ ಪ್ರತಿ ಕಿಲೋಗ್ರಾಮಿಗೆ ಸುಮಾರು 334 ಕಿಲೋಜೂಲ್ ಗುಪ್ತೋಷ್ಣವನ್ನು ಬಿಡುತ್ತದೆ, ಹೊಸ ನೀರು ಬೀಳುತ್ತ ಹೆಪ್ಪುಗಟ್ಟುತ್ತ ಇರುವವರೆಗೆ ಹಣ್ಣು ಶೂನ್ಯ ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಇದನ್ನು ಹೇಳಿದ್ದು ಹಿತ್ತಲಲ್ಲಿ ಪ್ರಯೋಗಿಸಲು ಅಲ್ಲ. ನಡುವೆ ನೀರು ನಿಂತರೆ ಆವಿಯಾಗುವ ನೀರು ಗಿಡದ ಶಾಖವನ್ನೇ ಹೀರಿಕೊಂಡು, ಏನೂ ಮಾಡದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ.

ನಿಮ್ಮ ನಿಜವಾದ ತೊಡಕು ಶುಕ್ರವಾರದ್ದು. ಎರಡು ರಾತ್ರಿ ಬಟ್ಟೆ ಹೊದಿಸಿ ಉಳಿಸಿಕೊಂಡ ಬದನೆಗಿಡವನ್ನು ಶನಿವಾರದ ಗಾಳಿ ಬುಡಸಮೇತ ವಾಲಿಸಿದರೆ ಪಟ್ಟ ಶ್ರಮಕ್ಕೆ ಫಲವಿಲ್ಲ. ನಾನಾದರೆ ಬುಧವಾರ ರಾತ್ರಿ ಮಾತ್ರ ಹೊದಿಸಿ, ಗುರುವಾರ ಬಿಸಿಲಿರುವಾಗ ಬಲಿತ ಕಾಯಿಗಳನ್ನೆಲ್ಲ ಕೊಯ್ದು, ಹೀರೆ ಚಪ್ಪರವನ್ನು ಬಿಚ್ಚಿಬಿಡುತ್ತೇನೆ. ಎಲೆ ತುಂಬಿದ ಚಪ್ಪರ ಗಾಳಿಗೆ ಹಾಯಿಯಾಗುತ್ತದೆ, ಕಂಬಗಳು ಕಿತ್ತುಬರುತ್ತವೆ. ಪಾಲಕ್, ಕ್ಯಾರೆಟ್, ಕೇಲ್ ಇದ್ದರೆ ಮುಟ್ಟಬೇಡಿ. ಅವು ಸಣ್ಣಪುಟ್ಟ ಫ್ರಾಸ್ಟನ್ನು ತಾಳಿಕೊಳ್ಳುವುದಲ್ಲದೆ ಅದರಿಂದ ಇನ್ನಷ್ಟು ಸಿಹಿಯಾಗುತ್ತವೆ. ನೀವು ಎರಡೂ ರಾತ್ರಿ ಹೊದಿಸುವುದಾದರೆ ಬಟ್ಟೆಗಳನ್ನು ಶುಕ್ರವಾರ ಮಧ್ಯಾಹ್ನದೊಳಗೆ ತೆಗೆದು ಒಳಗಿಡಿ.

ಪ್ರಶ್ನೆ ಕೇಳಿದವರು – ನ್ಯಾಶುವಾ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕುಂಡವನ್ನು ಒಳಗೆ ತಂದಾಯಿತು, ಅಕ್ಕನಿಗೆ ಫೋನ್ ಮಾಡಿ ಸೀಬ್ರುಕ್‌ನವರು ಬರೆದದ್ದನ್ನು ಓದಿ ಹೇಳಿದೆ. ಶುಕ್ರವಾರ ಕಾರಿನೊಂದಿಗೆ ನಮ್ಮಲ್ಲಿಗೇ ಬರಲು ಒಪ್ಪಿದ್ದಾಳೆ. ಇನ್ನೊಂದು ಸಂದೇಹ ಉಳಿದಿದೆ. ಇಷ್ಟು ಚಳಿಯ ಗಾಳಿ ಈಗಾಗಲೇ ಇಲ್ಲಿರುವಾಗ ಶನಿವಾರ ಬೀಳುವುದು ಮಳೆಯೇ, ಹಿಮವೇ? ಅಕ್ಟೋಬರ್‌ನಲ್ಲಿ ಹಿಮ ಬಿದ್ದು ವಾರಗಟ್ಟಲೆ ಕರೆಂಟ್ ಇರಲಿಲ್ಲ ಎಂದು ನೆರೆಯವರೊಬ್ಬರು ಹೇಳುತ್ತಿದ್ದರು.

ಉತ್ತರ – ವುಸ್ಟರ್

ನೆರೆಯವರು ಹೇಳಿದ್ದು 2011ರ ಅಕ್ಟೋಬರ್ 29 ಮತ್ತು 30ರ ಬಿರುಗಾಳಿಯ ಮಾತಾಗಿರಬೇಕು. ಪಶ್ಚಿಮ ಮ್ಯಾಸಚೂಸೆಟ್ಸ್‌ನ ಬೆಟ್ಟಸೀಮೆಯ ಪೆರು ಎಂಬ ಊರಿನಲ್ಲಿ ಆಗ 32 ಇಂಚು ಹಿಮ ದಾಖಲಾಯಿತು, ಈಶಾನ್ಯ ರಾಜ್ಯಗಳಲ್ಲಿ ಒಟ್ಟು 30 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ವಿದ್ಯುತ್ ಕಡಿತವಾಯಿತು. ಹಿಮದ ಪ್ರಮಾಣಕ್ಕಿಂತ ಮರಗಳಲ್ಲಿ ಎಲೆ ಇನ್ನೂ ಉಳಿದಿದ್ದುದೇ ಅನಾಹುತಕ್ಕೆ ಕಾರಣ: ಒದ್ದೆ ಹಿಮ ಎಲೆಗಳ ಮೇಲೆ ಕುಳಿತು, ಜನವರಿಯಲ್ಲಿ ಎಲೆಯಿಲ್ಲದ ಬರಿ ಕೊಂಬೆಗಳು ಸುಲಭವಾಗಿ ತಾಳಿಕೊಳ್ಳುವ ಭಾರಕ್ಕೆ ಮರಗಳು ಸೀಳಿ ತಂತಿಗಳ ಮೇಲೆ ಬಿದ್ದವು.

ಆದರೆ ಅದು ಅಪರೂಪದ ಘಟನೆ. ಈಶಾನ್ಯದ ಗಾಳಿ ಬರುವುದು ಇನ್ನೂ ಬೆಚ್ಚಗಿರುವ ಕಡಲಿನ ಮೇಲಿಂದ, ಆದ್ದರಿಂದ ಅಕ್ಟೋಬರ್‌ನಲ್ಲಿ ಕರಾವಳಿಗೂ ಮೆರಿಮ್ಯಾಕ್ ಕಣಿವೆಗೂ ಸಾಮಾನ್ಯವಾಗಿ ಮಳೆಯೇ. ಈ ಬಾರಿಯೂ ಹಿಮದ ಮಾತು ಬಂದರೆ ಅದು ವೈಟ್ ಮೌಂಟನ್ಸ್‌ನ ಎತ್ತರದ ಪ್ರದೇಶಗಳಿಗಷ್ಟೇ ಎಂದು ನನ್ನ ಅಂದಾಜು. ಅದಕ್ಕಿಂತ ಹೆಚ್ಚು ನಾನು ಗಮನಿಸುತ್ತಿರುವುದು ಗಾಳಿಯನ್ನು. 2021ರ ಅಕ್ಟೋಬರ್ 26 ಮತ್ತು 27ರ ನಾರ್‌ಈಸ್ಟರ್‌ನಲ್ಲಿ ಹಿಮವೇ ಇರಲಿಲ್ಲ, ಆದರೂ ಎಲೆ ತುಂಬಿದ ಮರಗಳು ಉರುಳಿ ಮ್ಯಾಸಚೂಸೆಟ್ಸ್ ಒಂದರಲ್ಲೇ ಸುಮಾರು 5 ಲಕ್ಷ ಗ್ರಾಹಕರು ಕತ್ತಲಲ್ಲಿ ಉಳಿದರು. ಗಾಳಿಯ ಬೀಸು ಗಂಟೆಗೆ 46 ಮೈಲಿ ಮುಟ್ಟುವಂತಿದ್ದರೆ ವಿಂಡ್ ಅಡ್ವೈಸರಿ, 58 ಮುಟ್ಟುವಂತಿದ್ದರೆ ಹೈ ವಿಂಡ್ ವಾರ್ನಿಂಗ್ ಬರುತ್ತದೆ.

ಶನಿವಾರ ಬೆಳಿಗ್ಗೆ ಗಾಳಿ ಬೀಸಿ ಬರುವ ದಿಕ್ಕು ಈಶಾನ್ಯದಿಂದ ಉತ್ತರಕ್ಕೆ, ಅಲ್ಲಿಂದ ವಾಯವ್ಯಕ್ಕೆ ತಿರುಗುತ್ತ ಹೋದರೆ ಕುಸಿತ ನಿಮ್ಮ ಪೂರ್ವಕ್ಕೆ ಸಾಗುತ್ತಿದೆ ಎಂದರ್ಥ. ಪೂರ್ವಕ್ಕೆ, ಆಮೇಲೆ ಆಗ್ನೇಯಕ್ಕೆ ತಿರುಗಿದರೆ ಅದು ನಿಮ್ಮ ಪಶ್ಚಿಮಕ್ಕೆ ಹಾದುಹೋಗುತ್ತಿದೆ, ಆಗ ಹವೆ ಬೆಚ್ಚಗಾಗಿ ಮಳೆ ಇನ್ನಷ್ಟು ಬಿರುಸಾಗಬಹುದು. ನಿಮ್ಮ ನೆಲಮಾಳಿಗೆಯಲ್ಲಿ ಸಂಪ್ ಪಂಪ್ (ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಪಂಪ್) ಇದ್ದರೆ ಅದಕ್ಕೆ ಬ್ಯಾಟರಿ ವ್ಯವಸ್ಥೆಯಿದೆಯೇ ಎಂದು ಈಗಲೇ ನೋಡಿಕೊಳ್ಳಿ, ಏಕೆಂದರೆ ಕರೆಂಟ್ ಹೋಗುವುದೂ ನೀರು ಒಸರುವುದೂ ಒಂದೇ ಹೊತ್ತಿಗೆ. ಮನೆಯೆದುರಿನ ರಸ್ತೆಯ ಚರಂಡಿ ಜಾಲರಿಯ ಮೇಲೆ ಬಿದ್ದ ಮೇಪಲ್ ಎಲೆಗಳನ್ನು ಶುಕ್ರವಾರ ಸಂಜೆ ಗೋರಿಬಿಡಿ. ಫ್ರಾಸ್ಟ್ ಬಿದ್ದ ಮರುದಿನ ಎಲೆಗಳು ಒಮ್ಮೆಲೇ ಉದುರುತ್ತವೆ, ಮೊದಲ ಜಡಿಮಳೆಗೇ ಜಾಲರಿ ಕಟ್ಟಿಕೊಳ್ಳುತ್ತದೆ. ಜನರೇಟರ್ ಇದ್ದರೆ ಅದನ್ನು ಗ್ಯಾರೇಜಿನಲ್ಲಿ, ಬಾಗಿಲು ತೆರೆದಿಟ್ಟರೂ ಸರಿ, ಎಂದಿಗೂ ಓಡಿಸಬೇಡಿ. ಕಿಟಕಿ ಬಾಗಿಲುಗಳಿಂದ ಇಪ್ಪತ್ತು ಅಡಿಯಾದರೂ ದೂರದಲ್ಲಿರಲಿ.

ಬಿರುಗಾಳಿ ಮುಂದಕ್ಕೆ ಸರಿದ ಮೇಲೆ ವಾಯವ್ಯದಿಂದ ಮತ್ತೆ ಶೀತಗಾಳಿ ಇಳಿಯುತ್ತದೆ, ಭಾನುವಾರ ರಾತ್ರಿ ಒದ್ದೆ ನೆಲದ ಮೇಲೆ ತಾಪ ಶೂನ್ಯ ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಬಹುದು. ಆಗ ಫ್ರಾಸ್ಟ್ ಅಡ್ವೈಸರಿ ಬರಲಿಲ್ಲವೆಂದು ನಿಶ್ಚಿಂತರಾಗಬೇಡಿ. ಬೆಳೆಗಳನ್ನು ಕೊಲ್ಲುವಷ್ಟು ಚಳಿ ಒಮ್ಮೆ ಬಿದ್ದು ಬೆಳೆ ಋತು ಮುಗಿಯಿತೆಂದು ತೀರ್ಮಾನಿಸಿದ ಪ್ರದೇಶಗಳಿಗೆ ಆ ಸೂಚನೆಗಳನ್ನು ವಸಂತದವರೆಗೆ ನಿಲ್ಲಿಸಿಬಿಡುತ್ತಾರೆ. ಸೋಮವಾರ ಬೆಳಿಗ್ಗೆ ಬೇಗ ಹೊರಡುವುದಿದ್ದರೆ ಸೇತುವೆಗಳ ಮೇಲೂ ಒದ್ದೆ ಎಲೆ ಹರಡಿದ ಇಳಿಜಾರುಗಳಲ್ಲೂ ಕಾರನ್ನು ನಿಧಾನವಾಗಿ ನಡೆಸಿ.